ಡೈರೆಕ್ಟ್‌ಎಕ್ಸ್ 12 ಇದ್ದರೂ ಹಳೆಯ ಗೇಮ್ ‘ಫೈಲು ಸಿಗುತ್ತಿಲ್ಲ’ ಅನ್ನುವುದೇಕೆ?

ಓದುಗರ ಪ್ರಶ್ನೆ: ‘ಸರ್, ನನ್ನ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಸಿ ವಿಂಡೋಸ್ 11 ಹಾಕಿಸಿದೆ. ಮೊದಲು ಚೆನ್ನಾಗಿ ಓಡುತ್ತಿದ್ದ ಹಳೆಯ ಗೇಮ್ ಈಗ ತೆರೆಯುವುದೇ ಇಲ್ಲ. ಡಿ3ಡಿಎಕ್ಸ್9_43.ಡಿಎಲ್‌ಎಲ್ ಸಿಗುತ್ತಿಲ್ಲ ಅಂತ ಬರುತ್ತದೆ. ಡೈರೆಕ್ಟ್‌ಎಕ್ಸ್ ಹಳೆಯದಾಗಿದೆ ಅಂದುಕೊಂಡು ನೋಡಿದರೆ ಡೈರೆಕ್ಟ್‌ಎಕ್ಸ್ 12 ಅಂತ ಇದೆ. ಇನ್ನೇನು ಅಪ್‌ಡೇಟ್ ಮಾಡಬೇಕು?’

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಅದಾದ ಮೇಲೆ ತುಂಬಾ ಜನ ಹೊಸದಾಗಿ 11 ಹಾಕಿಸಿಕೊಂಡಿದ್ದಾರೆ, ಜೊತೆಗೆ ಈ ತೊಂದರೆಯೂ ಬಂದಿದೆ. ಮೊದಲು ಉತ್ತರ ಹೇಳಿಬಿಡುತ್ತೇನೆ. ಡೈರೆಕ್ಟ್‌ಎಕ್ಸ್ ಅಂದರೆ ಗೇಮ್‌ಗಳು ಚಿತ್ರ, ಧ್ವನಿಗೆ ಬಳಸುವ ವಿಂಡೋಸಿನ ಭಾಗ; ಡಿಎಲ್‌ಎಲ್ ಅಂದರೆ ಪ್ರೋಗ್ರಾಂಗಳು ಕರೆದು ಬಳಸುವ ಸಹಾಯಕ ಫೈಲು. ನಿಮ್ಮ ಡೈರೆಕ್ಟ್‌ಎಕ್ಸ್ ಹಳೆಯದಲ್ಲ, ಕೆಟ್ಟೂ ಇಲ್ಲ. ಮೈಕ್ರೋಸಾಫ್ಟ್‌ನ ಸೈಟಿನಲ್ಲಿ ‘ಡೈರೆಕ್ಟ್‌ಎಕ್ಸ್ ಎಂಡ್ ಯೂಸರ್ ರನ್‌ಟೈಮ್ಸ್, ಜೂನ್ 2010’ ಅಂತ ಒಂದು ಪ್ಯಾಕೇಜ್ ಉಚಿತವಾಗಿ ಸಿಗುತ್ತದೆ. ಅದನ್ನು ಇನ್‌ಸ್ಟಾಲ್ ಮಾಡಿದರೆ ಈ ಫೈಲಿನ ಕೊರತೆ ತೀರುತ್ತದೆ.

2010ರದ್ದಾ ಅಂತ ಹಿಂಜರಿಯಬೇಡಿ. ಹೌದು, ಅಷ್ಟು ಹಳೆಯದೇ ಬೇಕು. ಯಾಕೆ ಅಂತ ಗೊತ್ತಾದರೆ ಮುಂದೆ ಬೇರೆ ಗೇಮ್ ಬೇರೆ ಫೈಲಿನ ಹೆಸರು ಹೇಳಿದಾಗಲೂ ನೀವೇ ಸರಿಪಡಿಸಿಕೊಳ್ಳಬಹುದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮದುವೆ ಛತ್ರ ನೆನಪಿಸಿಕೊಳ್ಳಿ. ದೊಡ್ಡ ಒಲೆ, ಗ್ಯಾಸು, ನೀರು ಇವೆಲ್ಲ ಛತ್ರದವರದು. ಸೌಟು, ಜಾರ, ತುರಿಯುವ ಮಣೆ ಅಡುಗೆ ಭಟ್ಟರು ತಾವೇ ತರುತ್ತಾರೆ. ವಿಂಡೋಸ್ ಅನ್ನುವುದು ಛತ್ರ. ಚಿತ್ರ ಬಿಡಿಸುವ ಮುಖ್ಯ ಭಾಗವಾದ ಡಿ3ಡಿ9.ಡಿಎಲ್‌ಎಲ್ ಆ ಛತ್ರದ ಒಲೆ. ಅದು ವಿಂಡೋಸ್ 11ರಲ್ಲೂ ಇದೆ, ಹಾಗಾಗಿ ಡೈರೆಕ್ಟ್‌ಎಕ್ಸ್ 9ರ ಗೇಮ್‌ಗಳಿಗೆ ಒಲೆಯ ಕೊರತೆ ಇಲ್ಲ. ಆದರೆ ನಿಮ್ಮ ಗೇಮ್ ಕೇಳುತ್ತಿರುವುದು ಡಿ3ಡಿಎಕ್ಸ್9. ನಡುವೆ ‘ಎಕ್ಸ್’ ಇದೆ, ಗಮನಿಸಿ. ಅದು ಭಟ್ಟರ ಸೌಟು. ಚಿತ್ರದ ಫೈಲು ತೆರೆದು ಓದುವುದು, ಮೂರು ಆಯಾಮದ ಲೆಕ್ಕ ಮಾಡುವುದು, ಪರದೆಯ ಮೇಲೆ ಅಕ್ಷರ ಬರೆಯುವುದು, ಇಂಥ ಸಹಾಯದ ಕೆಲಸಗಳಿಗೆ ಗೇಮ್ ಬರೆಯುವವರು ಬಳಸುತ್ತಿದ್ದ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು. ಅದು ಯಾವತ್ತೂ ವಿಂಡೋಸಿನ ಭಾಗ ಆಗಿರಲೇ ಇಲ್ಲ. ಪ್ರತಿ ಗೇಮ್ ತನ್ನ ಸಿಡಿಯಲ್ಲಿ ಅದನ್ನು ಜೊತೆಗೆ ತಂದು, ಇನ್‌ಸ್ಟಾಲ್ ಆಗುವಾಗ ಹಾಕಿಕೊಳ್ಳಬೇಕಿತ್ತು. ಹಳೆಯ ಗೇಮ್‌ಗಳು ಇನ್‌ಸ್ಟಾಲ್ ಮುಗಿಯುವ ಹೊತ್ತಿಗೆ ‘ಡೈರೆಕ್ಟ್‌ಎಕ್ಸ್ ಹಾಕಲೇ?’ ಅಂತ ಕೇಳುತ್ತಿದ್ದವಲ್ಲ, ಅದು ಇದಕ್ಕೇ.

ಇನ್ನು ಆ ಕೊನೆಯ ನಂಬರ್. 2005ರ ಫೆಬ್ರವರಿಯಲ್ಲಿ ಈ ಲೈಬ್ರರಿ ಬೇರೆ ಫೈಲಾಗಿ ಬರಲು ಶುರುವಾದಾಗ ಅದರ ನಂಬರ್ 24. ಆಮೇಲೆ ಮೈಕ್ರೋಸಾಫ್ಟ್ ಅದನ್ನು ತಿದ್ದಿದಂತೆಲ್ಲ 25, 26 ಅಂತ ಏರುತ್ತಾ ಹೋಗಿ 2010ರ ಜೂನ್‌ನಲ್ಲಿ 43ಕ್ಕೆ ನಿಂತಿತು. ಒಟ್ಟು ಇಪ್ಪತ್ತು ಫೈಲುಗಳು. ಹೊಸದು ಬಂದರೆ ಹಳೆಯದು ಹೋಗುವುದಿಲ್ಲ, ಎಲ್ಲವೂ ಅಕ್ಕಪಕ್ಕ ಇರುತ್ತವೆ. ಗೇಮ್ ತಾನು ತಯಾರಾದ ಕಾಲದ ನಂಬರನ್ನೇ ಹೆಸರು ಹಿಡಿದು ಕೇಳುತ್ತದೆ. 2006ರ ಗೇಮ್‌ಗೆ 30 ಬೇಕು ಅಂದರೆ 30 ಮಾತ್ರ. ನಿಮ್ಮಲ್ಲಿ 43 ಇದ್ದರೂ ಅದು ಒಪ್ಪುವುದಿಲ್ಲ. 43ರ ಹೆಸರು ಬದಲಿಸಿ 30 ಅಂತ ಇಡುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗೇಮ್ ತೆರೆದರೂ ನಡುವೆ ಎಲ್ಲೋ ಕೈಕೊಡಬಹುದು, ಆಗ ಕಾರಣ ಹುಡುಕುವುದು ಇನ್ನೂ ಕಷ್ಟ.

2010ರ ನಂತರ ಮೈಕ್ರೋಸಾಫ್ಟ್ ಈ ಲೈಬ್ರರಿಯನ್ನು ಬೆಳೆಸುವುದನ್ನು ನಿಲ್ಲಿಸಿತು. ಅದಕ್ಕೇ 44 ಅನ್ನುವುದು ಇಲ್ಲ, ವಿಂಡೋಸ್ ಅಪ್‌ಡೇಟಿನಲ್ಲೂ ಇದು ಬರುವುದಿಲ್ಲ. ನೀವು ಎಷ್ಟು ಸಲ ‘ಚೆಕ್ ಫಾರ್ ಅಪ್‌ಡೇಟ್ಸ್’ ಒತ್ತಿದರೂ ಈ ಫೈಲು ಸಿಗುವುದಿಲ್ಲ. ಜೂನ್ 2010ರ ಪ್ಯಾಕೇಜಿನಲ್ಲಿ ಮಾತ್ರ 24ರಿಂದ 43ರವರೆಗಿನ ಅಷ್ಟೂ ಇವೆ. ಜೊತೆಗೆ ಡೈರೆಕ್ಟ್‌ಎಕ್ಸ್ 10 ಮತ್ತು 11ರ ಅದೇ ಬಗೆಯ ಫೈಲುಗಳು, ಗೇಮ್ ಕಂಟ್ರೋಲರ್‌ಗೆ ಬೇಕಾದ ಎಕ್ಸ್‌ಇನ್‌ಪುಟ್1_3, ಧ್ವನಿಗೆ ಬೇಕಾದ ಎಕ್ಸ್‌ಆಡಿಯೋ2_7 ಮತ್ತು ಎಕ್ಸ್3ಡಿಆಡಿಯೋ1_7, ಡಿ3ಡಿಕಂಪೈಲರ್_43 ಕೂಡ ಇವೆ. ಅಂದರೆ ಈ ಹೆಸರುಗಳಲ್ಲಿ ಯಾವುದು ಪರದೆಯ ಮೇಲೆ ಬಂದರೂ ಮದ್ದು ಒಂದೇ.

ನಿಮ್ಮ ಲ್ಯಾಪ್‌ಟಾಪಿನಲ್ಲಿ ಮೊದಲು ಓಡುತ್ತಿತ್ತು ಅಂದಿರಲ್ಲ, ಬಹುಶಃ ಆಗ ಯಾವುದೋ ಒಂದು ಗೇಮ್ ಇವನ್ನು ಹಾಕಿತ್ತು. ಫಾರ್ಮ್ಯಾಟ್ ಮಾಡಿದಾಗ ಸಿ ಡ್ರೈವ್ ಜೊತೆ ಅವೂ ಹೋದವು. ಡಿ ಡ್ರೈವಿನಲ್ಲಿದ್ದ ಗೇಮ್ ಫೋಲ್ಡರ್ ಹಾಗೇ ಉಳಿಯಿತು. ಗೆಳೆಯರ ಹತ್ತಿರ ಪೆನ್‌ಡ್ರೈವಿನಲ್ಲಿ ಗೇಮ್ ಫೋಲ್ಡರ್ ಕಾಪಿ ಮಾಡಿಕೊಂಡು ಬಂದಾಗ ಆಗುವುದೂ ಇದೇ. ಗೇಮ್ ಬರುತ್ತದೆ, ಅವರ ವಿಂಡೋಸ್ ಫೋಲ್ಡರಿನಲ್ಲಿದ್ದ ಸೌಟುಗಳು ಅಲ್ಲೇ ಉಳಿಯುತ್ತವೆ.

ಈಗ ಹಾಕುವ ವಿಧಾನ. ಇದು ಎರಡು ರೂಪದಲ್ಲಿದೆ. ಒಂದು, ‘ವೆಬ್ ಇನ್‌ಸ್ಟಾಲರ್’. ತುಂಬಾ ಚಿಕ್ಕ ಫೈಲು, ತೆರೆದ ಮೇಲೆ ನಿಮ್ಮಲ್ಲಿ ಏನೇನು ಇಲ್ಲ ನೋಡಿ ಅಷ್ಟನ್ನೇ ಇಂಟರ್‌ನೆಟ್‌ನಿಂದ ತಂದು ಹಾಕುತ್ತದೆ. ಅದು ನಡುವೆ ‘ಬಿಂಗ್ ಬಾರ್’ ಹಾಕಲೇ ಅಂತ ಕೇಳಿದರೆ ಟಿಕ್ ತೆಗೆದುಬಿಡಿ, ಗೇಮ್‌ಗೂ ಅದಕ್ಕೂ ಸಂಬಂಧ ಇಲ್ಲ. ಇನ್ನೊಂದು, ಸುಮಾರು 96 ಎಂಬಿಯ ಪೂರ್ತಿ ಪ್ಯಾಕೇಜ್. ನಾನು ಇದನ್ನೇ ಇಷ್ಟಪಡುತ್ತೇನೆ. ಒಮ್ಮೆ ಇಳಿಸಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡರೆ ನೆಟ್ ಇಲ್ಲದ ಊರಿನಲ್ಲೂ ಕೆಲಸ ಆಗುತ್ತದೆ.

ಪೂರ್ತಿ ಪ್ಯಾಕೇಜಿನಲ್ಲಿ ಜನ ಎಡವುವ ಒಂದು ಜಾಗ ಇದೆ, ಇದನ್ನು ಮಾತ್ರ ನಿಧಾನವಾಗಿ ಓದಿ. ಇಳಿಸಿದ ಫೈಲನ್ನು ಡಬಲ್ ಕ್ಲಿಕ್ ಮಾಡಿದರೆ ಅದು ಇನ್‌ಸ್ಟಾಲ್ ಮಾಡುವುದಿಲ್ಲ. ‘ಇದರೊಳಗಿನ ಫೈಲುಗಳನ್ನು ಎಲ್ಲಿ ಬಿಚ್ಚಿಡಲಿ?’ ಅಂತ ಒಂದು ಫೋಲ್ಡರ್ ಕೇಳುತ್ತದೆ, ಅಷ್ಟೇ. ಡೆಸ್ಕ್‌ಟಾಪ್ ಅಂತ ಕೊಟ್ಟರೆ ನೂರಕ್ಕೂ ಹೆಚ್ಚು ಫೈಲುಗಳು ಡೆಸ್ಕ್‌ಟಾಪ್ ತುಂಬಾ ಹರಡುತ್ತವೆ. ಅದಕ್ಕೆ ಮೊದಲೇ ಒಂದು ಖಾಲಿ ಫೋಲ್ಡರ್ ಮಾಡಿ ಅದನ್ನು ತೋರಿಸಿ. ಬಿಚ್ಚಿದ್ದು ಮುಗಿದಾಗ ಆ ಕಿಟಕಿ ಸುಮ್ನೆ ಮುಚ್ಚಿಕೊಳ್ಳುತ್ತದೆ. ಇನ್‌ಸ್ಟಾಲ್ ಆಯಿತು ಅಂದುಕೊಂಡು ಎಷ್ಟೋ ಜನ ಇಲ್ಲಿಗೇ ನಿಲ್ಲಿಸಿ, ಗೇಮ್ ತೆರೆದು, ಅದೇ ಸಂದೇಶ ನೋಡಿ, ‘ಇದೂ ಕೆಲಸ ಮಾಡಲಿಲ್ಲ’ ಅಂತ ಬರೆಯುತ್ತಾರೆ. ಇನ್ನೊಂದು ಹೆಜ್ಜೆ ಬಾಕಿ ಇದೆ. ಆ ಫೋಲ್ಡರ್ ಒಳಗೆ ‘ಡಿಎಕ್ಸ್‌ಸೆಟಪ್’ ಅನ್ನುವ ಫೈಲು ಇದೆ, ಅದನ್ನು ತೆರೆಯಿರಿ. ಅಡ್ಮಿನ್ ಅನುಮತಿ ಕೇಳಿದರೆ ಕೊಡಿ, ಷರತ್ತು ಒಪ್ಪಿ, ನೆಕ್ಸ್ಟ್ ಒತ್ತಿ. ಮುಗಿದ ಮೇಲೆ ಬಿಚ್ಚಿಟ್ಟ ಫೋಲ್ಡರನ್ನು ಅಳಿಸಬಹುದು.

ಇದು ನಿಮ್ಮ ಡೈರೆಕ್ಟ್‌ಎಕ್ಸ್ 12 ಅನ್ನು 9ಕ್ಕೆ ಇಳಿಸಿಬಿಡುತ್ತದಾ ಅಂತ ಭಯ ಪಡುವವರು ಜಾಸ್ತಿ. ಇಲ್ಲ. 12ರ ಒಂದು ಫೈಲನ್ನೂ ಅದು ಮುಟ್ಟುವುದಿಲ್ಲ, ಇಲ್ಲದ್ದನ್ನು ಪಕ್ಕಕ್ಕೆ ಸೇರಿಸುತ್ತದೆ. ಹಾಗಾಗಿಯೇ ವಿಂಡೋಸ್ ಕೀ ಮತ್ತು ಆರ್ ಒತ್ತಿ ‘ಡಿಎಕ್ಸ್‌ಡಯಾಗ್’ ತೆರೆದರೆ ಹಾಕುವ ಮೊದಲೂ 12, ಹಾಕಿದ ಮೇಲೂ 12 ಅಂತಲೇ ತೋರಿಸುತ್ತದೆ. ಹಾಕಿದ್ದು ಸರಿಯಾಗಿದೆಯಾ ಅಂತ ಅಲ್ಲಿ ಗೊತ್ತಾಗುವುದಿಲ್ಲ. ವಿಂಡೋಸ್ ಫೋಲ್ಡರಿನೊಳಗಿನ ‘ಸಿಸ್‌ವಾವ್64’ ಫೋಲ್ಡರಿನಲ್ಲಿ ಗೇಮ್ ಕೇಳಿದ ಹೆಸರಿನ ಫೈಲು ಬಂದಿದೆಯಾ ನೋಡಿ.

ಆ ಫೋಲ್ಡರ್ ಯಾಕೆ ಅಂದರೆ, ಇಲ್ಲಿ ಹೆಸರುಗಳು ತಲೆಕೆಳಗಾಗಿವೆ. 64 ಬಿಟ್ ವಿಂಡೋಸಿನಲ್ಲಿ ‘ಸಿಸ್ಟಮ್32’ ಒಳಗೆ ಇರುವುದು 64 ಬಿಟ್ ಫೈಲುಗಳು, ‘ಸಿಸ್‌ವಾವ್64’ ಒಳಗೆ ಇರುವುದು 32 ಬಿಟ್ ಫೈಲುಗಳು. ಆ ಕಾಲದ ಗೇಮ್‌ಗಳು ಬಹುತೇಕ 32 ಬಿಟ್. ಗೊತ್ತಿಲ್ಲದೆ ಕೈಯಾರೆ ಫೈಲು ತಂದು ತಪ್ಪು ಕಡೆ ಇಟ್ಟರೆ ಸೊನ್ನೆ ಎಕ್ಸ್ ಸಿ ಅಂತ ಶುರುವಾಗಿ 7ಬಿ ಅಂತ ಮುಗಿಯುವ ಇನ್ನೊಂದು ಎರರ್ ಬರಬಹುದು. 32 ಮತ್ತು 64 ಬಿಟ್ ಬೆರೆತಾಗ ಸಾಮಾನ್ಯವಾಗಿ ಬರುವ ಎರರ್ ಅದು. ಡಿಎಕ್ಸ್‌ಸೆಟಪ್ ಎರಡೂ ಬಗೆಯನ್ನು ಎರಡೂ ಕಡೆ ಸರಿಯಾಗಿ ಇಡುತ್ತದೆ.

ಇದೇ ಕಾರಣಕ್ಕೆ ‘ಡಿಎಲ್‌ಎಲ್ ಡೌನ್‌ಲೋಡ್’ ಸೈಟುಗಳ ವಿಷಯದಲ್ಲಿ ನಾನು ಗಟ್ಟಿಯಾಗಿ ಬೇಡ ಅನ್ನುತ್ತೇನೆ. ಫೈಲಿನ ಹೆಸರು ಹುಡುಕಿದರೆ ಅಂಥ ಸೈಟುಗಳು ಮೇಲೆಯೇ ಬರುತ್ತವೆ. ನನ್ನ ಅಕ್ಕನ ಮಗ ಒಂದು ಸಲ ಹೀಗೆ ಒಂದೊಂದೇ ಫೈಲು ತಂದು ಹಾಕಿದ. ಒಂದು ಹಾಕಿದರೆ ಗೇಮ್ ಇನ್ನೊಂದು ಕೇಳಿತು, ಅದನ್ನೂ ತಂದ, ಆಮೇಲೆ ‘ಎಲ್ಲ ಸರಿ ಮಾಡುವ’ ಸಾಫ್ಟ್‌ವೇರ್ ಅಂತ ಒಂದನ್ನು ಆ ಸೈಟೇ ಅಂಟಿಸಿತು, ಮಾರನೇ ದಿನದಿಂದ ಬ್ರೌಸರ್ ತುಂಬಾ ಜಾಹೀರಾತು. ಅದರಲ್ಲಿ ಅವನ ಅಮ್ಮನ ಬ್ಯಾಂಕ್ ಲಾಗಿನ್ ಕೂಡ ಸೇವ್ ಆಗಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅಲ್ಲಿ ಸಿಗುವ ಫೈಲನ್ನು ಯಾರು ತಿದ್ದಿದ್ದಾರೆ, ಒಳಗೆ ಏನು ಸೇರಿಸಿದ್ದಾರೆ ಅಂತ ನಮಗೆ ತಿಳಿಯುವ ದಾರಿ ಇಲ್ಲ. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವಾಗ ಆ ಅಪಾಯ ಯಾಕೆ ಬೇಕು, ಅಲ್ವಾ?

ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡ ಗೇಮ್ ಆದರೆ ಇದು ಇನ್ನೂ ಸುಲಭ. ‘ಸ್ಟೀಮ್‌ವರ್ಕ್ಸ್ ಶೇರ್ಡ್’ ಫೋಲ್ಡರಿನಲ್ಲಿ ಅಥವಾ ಗೇಮಿನದೇ ಫೋಲ್ಡರಿನಲ್ಲಿ ‘_ಕಾಮನ್‌ರೆಡಿಸ್ಟ್’ ಅಂತ ಇರುತ್ತದೆ, ಅದರೊಳಗೆ ಡೈರೆಕ್ಟ್‌ಎಕ್ಸ್ ಇದ್ದರೆ ಅಲ್ಲಿಂದಲೇ ಡಿಎಕ್ಸ್‌ಸೆಟಪ್ ಓಡಿಸಿ.

‘ಎಸ್‌ಎಫ್‌ಸಿ ಸ್ಕ್ಯಾನ್‌ನೌ’ ಅನ್ನುವ ಕಮಾಂಡ್ ಓಡಿಸಿ ಅಂತ ಎಲ್ಲ ಕಡೆ ಹೇಳುತ್ತಾರೆ. ಅದು ವಿಂಡೋಸಿನ ಸ್ವಂತ ಫೈಲು ಕೆಟ್ಟಿದ್ದರೆ ಸರಿ ಮಾಡುತ್ತದೆ. ಡಿ3ಡಿ9 ಅಥವಾ ಡಿ3ಡಿ11 ಇಲ್ಲ ಅಂತ ಬಂದರೆ ಖಂಡಿತ ಮಾಡಿ. ಡಿ3ಡಿಎಕ್ಸ್ ವಿಂಡೋಸಿನದಲ್ಲವಾದ್ದರಿಂದ ಎಸ್‌ಎಫ್‌ಸಿ ಅದನ್ನು ಹುಡುಕುವುದೇ ಇಲ್ಲ.

ಇನ್ನು, ಸಂದೇಶದಲ್ಲಿ ಬೇರೆ ಜಾತಿಯ ಹೆಸರು ಬಂದರೆ ಮದ್ದೂ ಬೇರೆ. ಎಂಎಸ್‌ವಿಸಿಪಿ ಅಥವಾ ಎಂಎಸ್‌ವಿಸಿಆರ್ ಅಂತ ಶುರುವಾದರೆ ಅದು ಡೈರೆಕ್ಟ್‌ಎಕ್ಸ್ ಅಲ್ಲ, ವಿಷುಯಲ್ ಸಿ++ ರನ್‌ಟೈಮ್, ಅಂದರೆ ಸಿ++ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಓಡಲು ಬೇಕಾದ ಫೈಲುಗಳು. ಕೊನೆಯಲ್ಲಿ 100 ಇದ್ದರೆ 2010ರದ್ದು, 110 ಇದ್ದರೆ 2012, 120 ಇದ್ದರೆ 2013. 140 ಇದ್ದರೆ, ಅಥವಾ ವಿಸಿರನ್‌ಟೈಮ್140 ಅಂತ ಬಂದರೆ, 2015ರಿಂದ ಈಚಿನವೆಲ್ಲ ಒಂದೇ ಪ್ಯಾಕೇಜಿನಲ್ಲಿವೆ. ನಿಮ್ಮದು 64 ಬಿಟ್ ಯಂತ್ರವಾದರೂ ಎಕ್ಸ್86 (32 ಬಿಟ್) ಮತ್ತು ಎಕ್ಸ್64 (64 ಬಿಟ್) ಎರಡನ್ನೂ ಹಾಕಿ. ಇವೂ ಮೈಕ್ರೋಸಾಫ್ಟ್ ಸೈಟಿನಲ್ಲೇ ಸಿಗುತ್ತವೆ. ಇನ್ನೂ ಹಳೆಯ, 2000ದ ಆಸುಪಾಸಿನ ಗೇಮ್‌ಗಳು ‘ಡೈರೆಕ್ಟ್‌ಪ್ಲೇ’ ಕೇಳಬಹುದು, ನೆಟ್‌ವರ್ಕಿನಲ್ಲಿ ಜೊತೆಯಾಗಿ ಆಡಲು ಬಳಸುತ್ತಿದ್ದ ಹಳೆಯ ಭಾಗ. ಅದು ವಿಂಡೋಸ್ ಒಳಗೇ ಇದೆ, ಆಫ್ ಆಗಿರುತ್ತದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್’ ತೆರೆದು ‘ಲೆಗಸಿ ಕಾಂಪೊನೆಂಟ್ಸ್’ ಕೆಳಗೆ ಟಿಕ್ ಮಾಡಿ.

ವಲ್ಕನ್ ಅನ್ನುವುದು ಡೈರೆಕ್ಟ್‌ಎಕ್ಸ್‌ನಂಥದೇ ಇನ್ನೊಂದು ಗ್ರಾಫಿಕ್ಸ್ ವ್ಯವಸ್ಥೆ. ವಲ್ಕನ್-1.ಡಿಎಲ್‌ಎಲ್ ಇಲ್ಲ ಅಂತ ಬಂದರೆ ಮಾತ್ರ ಡೈರೆಕ್ಟ್‌ಎಕ್ಸ್ ಬಿಟ್ಟು ಗ್ರಾಫಿಕ್ಸ್ ಡ್ರೈವರ್ ಕಡೆ ನೋಡಿ, ಏಕೆಂದರೆ ಆ ಫೈಲು ಡ್ರೈವರ್ ಜೊತೆ ಬರುತ್ತದೆ. ವಿಂಡೋಸ್ ಹೊಸದಾಗಿ ಹಾಕಿದಾಗ ಕೆಲವು ಸಲ ಅದು ತಾತ್ಕಾಲಿಕ ಡ್ರೈವರಿನಲ್ಲೇ ಓಡುತ್ತಿರುತ್ತದೆ. ಡಿವೈಸ್ ಮ್ಯಾನೇಜರ್ ತೆರೆದು ‘ಡಿಸ್‌ಪ್ಲೇ ಅಡಾಪ್ಟರ್ಸ್’ ನೋಡಿ. ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಅಂತ ಇದ್ದರೆ ನಿಮ್ಮ ಕಾರ್ಡಿನ ನಿಜವಾದ ಡ್ರೈವರ್ ಇನ್ನೂ ಬಂದಿಲ್ಲ. ಎನ್‌ವಿಡಿಯಾ, ಎಎಂಡಿ, ಇಂಟೆಲ್ ಯಾರದ್ದೋ ಅವರ ಸೈಟಿನಿಂದ, ಇಲ್ಲವೇ ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ತಂದು ಹಾಕಿ.

ಹೊಸ ಗೇಮ್‌ಗಳಲ್ಲಿ ‘ಫೀಚರ್ ಲೆವೆಲ್ ಸಾಲದು’ ಅನ್ನುವ ದೂರು ಬರುತ್ತದೆ. ಇದು ಪೂರ್ತಿ ಬೇರೆ ವಿಷಯ, ನಿಮ್ಮ ಗ್ರಾಫಿಕ್ಸ್ ಚಿಪ್ಪಿಗೆ ಯಾವ ಮಟ್ಟದ ಡೈರೆಕ್ಟ್‌ಎಕ್ಸ್ ಕೆಲಸ ಮಾಡಲು ಬರುತ್ತದೆ ಅನ್ನುವ ಅಳತೆ. ಡಿಎಕ್ಸ್‌ಡಯಾಗ್‌ನ ಮೊದಲ ಪುಟದಲ್ಲಿ 12 ಅಂತ ಇರುವುದು ವಿಂಡೋಸಿನ ಮಾತು, ನಿಮ್ಮ ಕಾರ್ಡಿನದಲ್ಲ. ‘ಡಿಸ್‌ಪ್ಲೇ’ ಪುಟಕ್ಕೆ ಹೋಗಿ ‘ಫೀಚರ್ ಲೆವೆಲ್ಸ್’ ಎದುರಿನ ಸಾಲು ಓದಿ. ಉದಾಹರಣೆಗೆ ಇಂಟೆಲ್ ಎಚ್‌ಡಿ 3000 ಇರುವ ಹಳೆಯ ಲ್ಯಾಪ್‌ಟಾಪಿನಲ್ಲಿ ಅದು 10_1ಕ್ಕೇ ನಿಲ್ಲುತ್ತದೆ. ಗೇಮ್ 11_0 ಕೇಳಿದರೆ ಯಾವ ಪ್ಯಾಕೇಜೂ ಅದನ್ನು ಏರಿಸಲಾರದು, ಅದು ಚಿಪ್ಪಿನೊಳಗಿನ ಮಿತಿ. ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್ ಆದರೆ ಒಂದು ಅವಕಾಶ ಉಳಿದಿದೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಅಂತ ಹೋಗಿ, ಆ ಗೇಮ್‌ಗೆ ‘ಹೈ ಪರ್ಫಾರ್ಮೆನ್ಸ್’ ಆರಿಸಿ ನೋಡಿ.

ನಿಮ್ಮ ಪ್ರಶ್ನೆಯಲ್ಲಿ 43 ಅಂತ ಸ್ಪಷ್ಟವಾಗಿ ಇದೆ, ಹಾಗಾಗಿ ಇಷ್ಟು ದೂರ ಬರಬೇಕಾಗಿಲ್ಲ. ಖಾಲಿ ಫೋಲ್ಡರ್, ಆಮೇಲೆ ಡಿಎಕ್ಸ್‌ಸೆಟಪ್. ಹಾಕಿದ ಮೇಲೂ ಗೇಮ್ ಇನ್ನೊಂದು ಫೈಲು ಕೇಳಿದರೆ ಅದರ ಹೆಸರನ್ನು ಒಂದಕ್ಷರ ಬಿಡದೆ, ಕೊನೆಯ ನಂಬರ್ ಸಮೇತ ಬರೆದು ಕಳಿಸಿ.