ವೈರಲ್ ಲೋಡ್ ಇಳಿದ ಮಾತ್ರಕ್ಕೆ ಹೆಪಟೈಟಿಸ್ ಬಿ ಮಾತ್ರೆ ಬಿಡಬೇಡಿ

ಹೆಪಟೈಟಿಸ್ ಬಿ ಇರುವವರು ಮಾತ್ರೆ ಬಿಟ್ಟಾಗ ಸಾಮಾನ್ಯವಾಗಿ ಎರಡರಲ್ಲೊಂದು ಕಾರಣ ಹೇಳುತ್ತಾರೆ. "ರಿಪೋರ್ಟಲ್ಲಿ ವೈರಸ್ ಇಲ್ಲ ಅಂತ ಬಂತಲ್ಲ ಡಾಕ್ಟ್ರೇ, ಇನ್ಯಾಕೆ ಮಾತ್ರೆ?" ಅನ್ನುವುದು ಒಂದು. "ಎರಡು ವರ್ಷದಿಂದ ನುಂಗ್ತಾನೇ ಇದೀನಿ, ಸುಸ್ತು ಮಾತ್ರ ಹೋಗ್ಲಿಲ್ಲ" ಅನ್ನುವುದು ಇನ್ನೊಂದು. ಎರಡೂ ಮಾತು ಅರ್ಥವಾಗುತ್ತದೆ, ಎರಡೂ ಲೆಕ್ಕ ತಪ್ಪು. ಹೀಗೆ ಬಿಟ್ಟವರಲ್ಲಿ ಕೆಲವರು ಮತ್ತೆ ಬರುವಾಗ ಕಣ್ಣು ಹಳದಿ, ಹೊಟ್ಟೆಯಲ್ಲಿ ನೀರು. ಆಗ ಕೈಯಲ್ಲಿ ಸಮಯ ಬಹಳ ಕಡಿಮೆ ಇರುತ್ತದೆ.

ಮೊದಲು ರಿಪೋರ್ಟಿನ ವಿಷಯ. ವೈರಲ್ ಲೋಡ್ ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ. ಅದನ್ನು ಅಳೆಯುವ ಪರೀಕ್ಷೆಯಲ್ಲಿ 'ಎಚ್‌ಬಿವಿ ಡಿಎನ್‌ಎ: ನಾಟ್ ಡಿಟೆಕ್ಟೆಡ್' ಎಂದು ಬರೆದಿದ್ದರೆ ಲ್ಯಾಬಿನ ಯಂತ್ರಕ್ಕೆ ನಿಮ್ಮ ರಕ್ತದಲ್ಲಿ ವೈರಸ್ ಸಿಗಲಿಲ್ಲ ಎಂದಷ್ಟೇ ಅರ್ಥ. ಅದು ರಕ್ತದ ಸುದ್ದಿ, ಲಿವರಿನದ್ದಲ್ಲ. ಈ ವೈರಸ್ ಲಿವರಿನ ಜೀವಕೋಶದ ನ್ಯೂಕ್ಲಿಯಸ್ಸಿನೊಳಗೆ ತನ್ನದೊಂದು ಮೂಲ ಪ್ರತಿ ಇಟ್ಟುಕೊಂಡಿರುತ್ತದೆ. ಅದನ್ನು ಸಿಸಿಸಿ ಡಿಎನ್‌ಎ ಅನ್ನುತ್ತಾರೆ. ಈ ಕಾಯಿಲೆಗೆ ಕೊಡುವ ಮಾತ್ರೆಗಳಾದ ಟೆನೊಫೊವಿರ್ ಆಗಲಿ ಎಂಟೆಕಾವಿರ್ ಆಗಲಿ ಈ ಮೂಲ ಪ್ರತಿಯನ್ನು ಮುಟ್ಟುವುದಿಲ್ಲ. ಅದರಿಂದ ಹೊಸ ವೈರಸ್ ತಯಾರಾಗುವ ದಾರಿಯಲ್ಲಿ ಆರ್‌ಎನ್‌ಎಯಿಂದ ಡಿಎನ್‌ಎ ಬರೆಯುವ ಒಂದು ಹಂತವಿದೆ, ಮಾತ್ರೆ ತಡೆಯುವುದು ಆ ಹಂತವನ್ನು ಮಾತ್ರ. ಹೊಲದಲ್ಲಿ ಜೇಕು ಕಿತ್ತವರಿಗೆ ಇದು ಗೊತ್ತು: ಮೇಲಿನ ಹುಲ್ಲು ಹೋದರೂ ಮಣ್ಣಿನೊಳಗಿನ ಗಡ್ಡೆ ಹಾಗೇ ಉಳಿದಿರುತ್ತದೆ. ಮಾತ್ರೆ ಬಿಟ್ಟ ಕೆಲವೇ ವಾರಗಳಲ್ಲಿ ರಕ್ತದಲ್ಲಿ ವೈರಸ್ ಮತ್ತೆ ಕಾಣಿಸಬಹುದು. ಲಿವರಿನ ಉರಿಯೂತ ಕೆರಳುವುದು ಸಾಮಾನ್ಯವಾಗಿ ಮುಂದಿನ ಕೆಲವು ತಿಂಗಳಲ್ಲಿ, ಒಮ್ಮೊಮ್ಮೆ ವರ್ಷ ಕಳೆದ ಮೇಲೆ. ಟೆನೊಫೊವಿರ್ ಬಿಟ್ಟವರಲ್ಲಿ ಬೇಗ, ಎಂಟೆಕಾವಿರ್ ಬಿಟ್ಟವರಲ್ಲಿ ತುಸು ತಡವಾಗಿ. "ಬಿಟ್ಟು ಎರಡು ತಿಂಗಳಾಯ್ತು, ಏನೂ ಆಗಿಲ್ಲ" ಎನ್ನುವ ಧೈರ್ಯಕ್ಕೆ ಹಾಗಾಗಿ ಬೆಲೆಯಿಲ್ಲ.

ಅದೇ ರಿಪೋರ್ಟಿನಲ್ಲಿ ಎಚ್‌ಬಿಎಸ್ ಆಂಟಿಜನ್ (ವೈರಸ್ಸಿನ ಹೊರಕವಚದ ಪ್ರೋಟೀನ್) ಇನ್ನೂ ಪಾಸಿಟಿವ್ ಇದೆಯೇ ನೋಡಿ. ಬಹುಪಾಲು ಜನರಲ್ಲಿ ಇರುತ್ತದೆ. ಅದು ನೆಗೆಟಿವ್ ಆಗಿ ಹಾಗೇ ಉಳಿದರೆ ಮಾತ್ರೆ ನಿಲ್ಲಿಸುವ ಮಾತು ನ್ಯಾಯವಾಗಿ ಶುರುವಾಗುತ್ತದೆ. ಆದರೆ ಈ ಮಾತ್ರೆಗಳ ಮೇಲೆ ಹಾಗಾಗುವುದು ವರ್ಷಕ್ಕೆ ನೂರರಲ್ಲಿ ಒಬ್ಬರಿಗೆ, ಅದಕ್ಕೂ ಕಡಿಮೆ ಇರಬಹುದು. ಆಂಟಿಜನ್ ಉಳಿದಿದ್ದರೂ ನಿಲ್ಲಿಸಿ ನೋಡಬಹುದಾದ ಕೆಲವರಿದ್ದಾರೆ ನಿಜ. ಅವರಿಗೆ ಸಿರೋಸಿಸ್, ಅಂದರೆ ಲಿವರ್ ಗಾಯಗಟ್ಟಿ ಗಟ್ಟಿಯಾಗುವ ಸ್ಥಿತಿ, ಇರಬಾರದು, ಬಿಟ್ಟ ಮೇಲೆ ಮೊದಲ ತಿಂಗಳುಗಳಲ್ಲಿ ಪದೇ ಪದೇ ಎಎಲ್‌ಟಿ (ಲಿವರಿನ ಉರಿಯೂತ ತೋರಿಸುವ ರಕ್ತಪರೀಕ್ಷೆ) ಮತ್ತು ವೈರಲ್ ಲೋಡ್ ಪರೀಕ್ಷೆಗೆ ಬರಬೇಕು. ಅದನ್ನು ವೈದ್ಯರೊಡನೆ ಕೂತು ತೀರ್ಮಾನಿಸಬೇಕು. ಸಿರೋಸಿಸ್ ಇದ್ದವರಿಗೆ ಈ ಪ್ರಯೋಗ ಬೇಡವೇ ಬೇಡ, ಒಂದು ಸಲ ಕೆರಳಿದರೂ ಲಿವರ್ ಕೈಕೊಡಬಹುದು.

ಇನ್ನು ಸುಸ್ತು. ಸುಸ್ತು ಸುಳ್ಳಲ್ಲ, ಮೈಗಳ್ಳತನವೂ ಅಲ್ಲ. ಮನೆಯವರು ಇದನ್ನು ದಯವಿಟ್ಟು ಕೇಳಿಸಿಕೊಳ್ಳಬೇಕು. ಆದರೆ ಸುಸ್ತಿನ ಪ್ರಮಾಣಕ್ಕೂ ವೈರಸ್ಸಿನ ಪ್ರಮಾಣಕ್ಕೂ ತಾಳೆಯಾಗುವುದಿಲ್ಲ. ವೈರಲ್ ಲೋಡ್ ಲಕ್ಷಗಟ್ಟಲೆ ಇದ್ದವರು ಗದ್ದೆಯಲ್ಲಿ ದಿನವಿಡೀ ದುಡಿಯುತ್ತಾರೆ, ಏನೂ ಪತ್ತೆಯಾಗದವರು ಮೆಟ್ಟಿಲು ಹತ್ತಿ ಕೂತುಬಿಡುತ್ತಾರೆ. ಹಾಗಾಗಿ ಸುಸ್ತು ನೋಡಿ ಮಾತ್ರೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಅಳೆಯಬಾರದು. ವೈರಸ್ ಹತೋಟಿಯಲ್ಲಿದ್ದೂ ಸುಸ್ತು ಉಳಿದರೆ ಬೇರೆ ಕಾರಣ ಹುಡುಕಬೇಕು: ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಬಿ12, ವಿಟಮಿನ್ ಡಿ, ಸಕ್ಕರೆ ಕಾಯಿಲೆಯ ಎಚ್‌ಬಿಎ1ಸಿ. ಗೊರಕೆ ಜೋರಿದ್ದು ಎದ್ದಾಗಲೂ ಆಯಾಸವಿದ್ದರೆ ನಿದ್ದೆಯ ತೊಂದರೆ. ಮನಸ್ಸು ಕುಗ್ಗಿದ್ದರೆ ಅದಕ್ಕೂ ಚಿಕಿತ್ಸೆ ಇದೆ, ಮುಚ್ಚಿಡಬೇಕಿಲ್ಲ. ಟೆನೊಫೊವಿರ್ ಡೈಸೊಪ್ರಾಕ್ಸಿಲ್ 300 ಮಿಗ್ರಾಂ ತೆಗೆದುಕೊಳ್ಳುವವರಿಗೆ ಮೂಳೆ ನೋವು, ತೊಡೆಯಲ್ಲಿ ಬಲಹೀನತೆ ಬಂದರೆ ಕಿಡ್ನಿಯ ಪರೀಕ್ಷೆಯಾದ ಕ್ರಿಯಾಟಿನಿನ್ ಜೊತೆ ರಕ್ತದ ಫಾಸ್ಫೇಟ್ ಕೂಡ ನೋಡಿಸಬೇಕು. ಇದು ಅಪರೂಪ, ಆದರೆ ಇದ್ದರೆ ಟೆನೊಫೊವಿರ್ ಅಲಾಫೆನಮೈಡ್ 25 ಮಿಗ್ರಾಂಗೋ ಎಂಟೆಕಾವಿರ್‌ಗೋ ಬದಲಿಸಬಹುದು. ಬದಲಿಸುವುದು ಬೇರೆ, ಬಿಡುವುದು ಬೇರೆ.

ಒಂದು ಸುಸ್ತು ಮಾತ್ರ ಬೇರೆ ಜಾತಿಯದು. ಸಿರೋಸಿಸ್ ಇರುವವರು ಹಗಲೆಲ್ಲ ತೂಗಡಿಸಿ ರಾತ್ರಿ ಎಚ್ಚರವಿದ್ದರೆ, ಮಾತು ತಡವರಿಸಿದರೆ, ಗೊತ್ತಿರುವ ಲೆಕ್ಕ ತಪ್ಪಿದರೆ, ವಿಶ್ರಾಂತಿ ಸಾಕೆಂದು ಮಲಗಿಸಬೇಡಿ. ಅದು ಮೆದುಳಿಗೆ ತಟ್ಟಿದ ಲಿವರ್ ತೊಂದರೆ. ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

ಸುಸ್ತನ್ನು ಹೆಚ್ಚಿಸುವುದರಲ್ಲಿ ನಮ್ಮ ಪಥ್ಯದ ಪಾಲೂ ಇದೆ. ಕಾಮಾಲೆಗೆ ಹಿರಿಯರು ಹೇಳಿದ ಉಪ್ಪಿಲ್ಲದ, ಎಣ್ಣೆಯಿಲ್ಲದ, ಅರಿಶಿನವೂ ಹಾಕದ ಗಂಜಿಯೂಟವನ್ನು ತಿಂಗಳುಗಟ್ಟಲೆ ಮುಂದುವರಿಸುವವರಿದ್ದಾರೆ. ಅರಿಶಿನ ತಿಂದರೆ ಕಣ್ಣು ಹಳದಿಯಾಗುವುದಿಲ್ಲ. ಈ ಪಥ್ಯದಲ್ಲಿ ಕರಗುವುದು ಮಾಂಸಖಂಡ, ಅದು ಕರಗಿದರೆ ಬಲ ಎಲ್ಲಿಂದ ಬರಬೇಕು? ಬೇಳೆ, ಮೊಳಕೆ ಹುರುಳಿ, ಮೊಸರು, ಮೊಟ್ಟೆ, ಮೀನು ಎಲ್ಲ ತಿನ್ನಿ. ಉಪ್ಪು ಕಡಿಮೆ ಮಾಡಬೇಕಾದದ್ದು ಹೊಟ್ಟೆಯಲ್ಲೋ ಕಾಲಲ್ಲೋ ನೀರು ತುಂಬಿದವರು. ಸಿರೋಸಿಸ್ ಇದ್ದವರಿಗೆ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ಅಂದರೆ 60 ಕಿಲೋ ತೂಗುವವರಿಗೆ 72ರಿಂದ 90 ಗ್ರಾಂ. ಅವರು ಮಲಗುವ ಮುನ್ನ ಒಂದು ಲೋಟ ರಾಗಿ ಗಂಜಿ ಕುಡಿದರೆ ರಾತ್ರಿಯ ಉಪವಾಸದಲ್ಲಿ ಮಾಂಸಖಂಡ ಸವೆಯುವುದು ತಗ್ಗುತ್ತದೆ. ಮದ್ಯ ಯಾರಿಗೂ ಬೇಡ. 'ಲಿವರ್ ಶುದ್ಧಿ'ಯ ನಾಟಿ ಔಷಧ ಬೇಡ. ಅಶ್ವಗಂಧ, ಅಮೃತಬಳ್ಳಿ ತೆಗೆದುಕೊಂಡು ಲಿವರ್ ಕೆಟ್ಟ ಪ್ರಕರಣಗಳು ದಾಖಲಾಗಿವೆ, ಮೊದಲೇ ಪೆಟ್ಟು ತಿಂದ ಲಿವರ್ ಮೇಲೆ ಅದನ್ನು ಹೇರುವುದೇಕೆ?

ಮಾತ್ರೆಯ ವಿಷಯದಲ್ಲಿ ಎಡವುವುದು ಸಣ್ಣ ಸಣ್ಣ ಕಡೆ. ಎಂಟೆಕಾವಿರ್ ಖಾಲಿ ಹೊಟ್ಟೆಗೆ, ಊಟವಾಗಿ ಎರಡು ಗಂಟೆ ಕಳೆದು, ಮುಂದಿನ ಊಟಕ್ಕೆ ಎರಡು ಗಂಟೆ ಇರುವಾಗ. ತಿಂಡಿಯ ಜೊತೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ಅಲಾಫೆನಮೈಡ್ ಆದರೆ ಊಟದ ಜೊತೆ. ಒಂದು ಹೊತ್ತು ಮರೆತರೆ ನೆನಪಾದಾಗ ತೆಗೆದುಕೊಳ್ಳಿ, ಮರುದಿನದ ಹೊತ್ತು ಹತ್ತಿರವಾಗಿದ್ದರೆ ಬಿಟ್ಟುಬಿಡಿ, ಎರಡು ಒಟ್ಟಿಗೆ ನುಂಗಬೇಡಿ. ಡಬ್ಬಿಯೊಳಗಿನ ಸಿಲಿಕಾ ಪೊಟ್ಟಣ ಎಸೆಯಬೇಡಿ, ಮಲೆನಾಡು ಕರಾವಳಿಯ ಮಳೆಗಾಲದಲ್ಲಂತೂ ಮುಚ್ಚಳ ಬಿಗಿಯಾಗಿರಲಿ. ಹತ್ತು ಮಾತ್ರೆ ಉಳಿದಿರುವಾಗಲೇ ಹೊಸ ಡಬ್ಬಿ ತನ್ನಿ. ಖರ್ಚಿಗಾಗಿ ಬಿಡುವವರಿಗೆ ಒಂದು ಮಾತು: 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದ ಚಿಕಿತ್ಸಾ ಕೇಂದ್ರಗಳಲ್ಲಿ ಪರೀಕ್ಷೆ, ಔಷಧ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಕೀಲುನೋವಿಗೆ, ಚರ್ಮಕ್ಕೆ, ಕ್ಯಾನ್ಸರಿಗೆ ಬೇರೆ ವೈದ್ಯರ ಬಳಿ ಹೋದಾಗ ಹೆಪಟೈಟಿಸ್ ಬಿ ಇದೆಯೆಂದು ಮೊದಲೇ ಹೇಳಿ. ಸ್ಟೀರಾಯ್ಡ್, ಕಿಮೊಥೆರಪಿ, ಅದರಲ್ಲೂ ರೋಗನಿರೋಧಕ ಶಕ್ತಿ ತಗ್ಗಿಸುವ ರಿಟುಕ್ಸಿಮ್ಯಾಬ್ ಕೊಟ್ಟರೆ ಸುಮ್ಮನಿದ್ದ ವೈರಸ್ ಎದ್ದು ಕೂರಬಹುದು.

ಈಗಾಗಲೇ ಮಾತ್ರೆ ಬಿಟ್ಟಿದ್ದರೆ ಸಂಕೋಚಪಟ್ಟು ಮನೆಯಲ್ಲಿ ಕೂರಬೇಡಿ. ಉಳಿದ ಡಬ್ಬಿ, ಹಳೆಯ ರಿಪೋರ್ಟು ಹಿಡಿದು ಈ ವಾರವೇ ಬನ್ನಿ. ಬಿಟ್ಟ ದಿನಾಂಕ ಸರಿಯಾಗಿ ಹೇಳಿ, ಬೈಗುಳದ ಭಯಕ್ಕೆ ಸುಳ್ಳು ಹೇಳಿದರೆ ನಮಗೆ ಲೆಕ್ಕ ಸಿಗುವುದಿಲ್ಲ. ಎಎಲ್‌ಟಿ, ಬಿಲಿರುಬಿನ್ (ಕಾಮಾಲೆಯ ಮಟ್ಟ), ರಕ್ತ ಹೆಪ್ಪುಗಟ್ಟುವುದನ್ನು ತೋರಿಸುವ ಐಎನ್‌ಆರ್, ವೈರಲ್ ಲೋಡ್ ನೋಡಿ ಮುಂದಿನದು ಹೇಳುತ್ತೇವೆ. ಮೂತ್ರ ಗಾಢ ಹಳದಿಯಾಗಿದ್ದರೆ, ವಾಂತಿಯಿದ್ದರೆ, ಕಣ್ಣು ಹಳದಿಯಾಗಿದ್ದರೆ ವಾರದವರೆಗೂ ಕಾಯಬೇಡಿ, ಇವತ್ತೇ ಹೊರಡಿ.