ಕೊಟ್ಟ ಹಣಕ್ಕೆ ತೆರಿಗೆ ಇಲ್ಲ, ಅದರ ಬಡ್ಡಿಗೆ ಉಂಟು

ಆದಾಯ ತೆರಿಗೆ ರಿಟರ್ನ್ ಹಾಕುವ ಜುಲೈ ಬಂತೆಂದರೆ ಕಾಸರಗೋಡಿನ ನನ್ನ ಆಫೀಸಿಗೆ, ಗಂಡಂದಿರು ಗಲ್ಫಿನಲ್ಲಿರುವ ಹೆಂಗಸರು ಪಾಸ್‌ಬುಕ್ಕುಗಳನ್ನು ಹಿಡಿದು ಬರುತ್ತಾರೆ. ಕುಂಬಳೆಯವರಿರಲಿ, ಉಪ್ಪಳದವರಿರಲಿ, ಪ್ರಶ್ನೆ ಒಂದೇ: "ಗಂಡ ಹೆಂಡತಿಗೆ ಕೊಟ್ಟ ಹಣಕ್ಕೆ ಟ್ಯಾಕ್ಸ್ ಇಲ್ಲ ಅಲ್ವಾ ಸರ್?"

ಇಲ್ಲ, ನಿಜ. ಆದರೆ ಆ ಹಣವನ್ನು ಎಫ್‌ಡಿ ಇಟ್ಟರೆ ಬರುವ ಬಡ್ಡಿ ಯಾರ ಆದಾಯ? ಪ್ರತಿ ವರ್ಷ ನಾನು ಗಂಟಲು ಒಣಗುವಷ್ಟು ಹೇಳುವುದು ಇದೊಂದನ್ನೇ.

ಈಚೆಗೆ ಬದಿಯಡ್ಕ ಕಡೆಯ ಒಬ್ಬರು ಬಂದಿದ್ದರು. ಗಂಡ ಶಾರ್ಜಾದಲ್ಲಿ. ಅವರು ಕಳಿಸಿದ ದುಡ್ಡಿನಲ್ಲಿ ಹೆಂಡತಿಯ ಹೆಸರಿಗೆ 80 ಲಕ್ಷದ ಎಫ್‌ಡಿ. 2025-26ರಲ್ಲಿ ಬಡ್ಡಿ 5.6 ಲಕ್ಷ. ಬ್ಯಾಂಕಿನವರು ಬಡ್ಡಿಯಿಂದ ಮೊದಲೇ ಹಿಡಿಯುವ ತೆರಿಗೆ, ಟಿಡಿಎಸ್ ಎಂದು 56,000 ಹಿಡಿದಿದ್ದರು. "12 ಲಕ್ಷದವರೆಗೆ ಟ್ಯಾಕ್ಸೇ ಇಲ್ಲವಂತೆ, ಇದನ್ನು ಪೂರಾ ವಾಪಸ್ ತರಿಸಿ ಕೊಡಿ" ಎಂದರು.

ನನ್ನಿಂದಾಗಲಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ, ಗಂಡ ಪ್ರತಿಫಲವಿಲ್ಲದೆ ಹೆಂಡತಿಗೆ ಕೊಟ್ಟ ಆಸ್ತಿಯಿಂದ ಹುಟ್ಟುವ ಆದಾಯ ಗಂಡನ ಲೆಕ್ಕಕ್ಕೆ ಸೇರುತ್ತದೆ. ಎಫ್‌ಡಿ ಯಾರ ಹೆಸರಿನಲ್ಲಿದೆ ಎಂಬುದು ಮುಖ್ಯವಲ್ಲ, ಅಸಲು ಯಾರ ದುಡಿಮೆ ಎಂಬುದು ಮುಖ್ಯ. ಗಂಡ ವಿದೇಶದಲ್ಲಿದ್ದರೂ ಬಡ್ಡಿ ಹುಟ್ಟುವುದು ಇಲ್ಲಿ, ಹಾಗಾಗಿ ತೆರಿಗೆಯೂ ಇಲ್ಲಿ. 2025ರ ಹೊಸ ಕಾಯ್ದೆ ಸೆಕ್ಷನ್ ನಂಬರು ಬದಲಿಸಿದೆ, ಈ ನಿಯಮವನ್ನು ತೆಗೆದಿಲ್ಲ.

"ಅವರು ನನಗೇ ಕೊಟ್ಟದ್ದಲ್ವಾ?" ಎಂದು ಆಕೆ ಮತ್ತೆ ಕೇಳಿದರು. ತೋಟದವರಾದ್ದರಿಂದ ತೆಂಗಿನ ಲೆಕ್ಕದಲ್ಲಿ ಹೇಳಿದೆ. ಅಕ್ಕ, ಗಂಡ ಒಂದು ತೆಂಗಿನ ಮರ ಕೊಟ್ಟರು ಅಂತ ಇಟ್ಟುಕೊಳ್ಳಿ. ಮರ ನಿಮ್ಮದೇ, ಕೊಟ್ಟದ್ದಕ್ಕೆ ತೆರಿಗೆ ಇಲ್ಲ. ಆದರೆ ಆ ಮರದ ಕಾಯಿ ಗಂಡನ ಲೆಕ್ಕಕ್ಕೆ. ಅದೇ ಕಾಯಿಯನ್ನು ನೀವು ಹುಗಿದು ಬೆಳೆಸಿದ ಮರದ ಕಾಯಿ ಮಾತ್ರ ನಿಮ್ಮ ಆದಾಯ. ಅಂದರೆ ಈ 5.6 ಲಕ್ಷವನ್ನು ಮತ್ತೆ ಎಫ್‌ಡಿ ಇಟ್ಟರೆ, 7 ಪರ್ಸೆಂಟಿನಂತೆ ಮರುವರ್ಷ ಬರುವ 39,200 ನಿಮ್ಮದು. ಆಗ ಅವರ ಮುಖ ತಿಳಿಯಾಯಿತು.

12 ಲಕ್ಷದ ವಿಷಯ. ಅದು ಭಾರತದಲ್ಲಿ ವಾಸಿಸುವವರಿಗೆ ಸಿಗುವ ರಿಬೇಟಿನಿಂದ, ಅಂದರೆ ತೆರಿಗೆಯಲ್ಲಿನ ಮಾಫಿಯಿಂದ, ಬಂದದ್ದು; ಅನಿವಾಸಿಗಳಿಗೆ ರಿಬೇಟ್ ಇಲ್ಲ, ಹೊಸ ಪದ್ಧತಿಯಲ್ಲಿ 4 ಲಕ್ಷದ ವಿನಾಯಿತಿ ಮಾತ್ರ. ಉಳಿದ 1.6 ಲಕ್ಷಕ್ಕೆ 5 ಪರ್ಸೆಂಟು, ಸೆಸ್ ಸೇರಿ 8,320 ರೂಪಾಯಿ. ಇಷ್ಟೇ! ಹೆಂಡತಿಯ ಪ್ಯಾನಿನಲ್ಲಿ ಹಿಡಿದ ಟಿಡಿಎಸ್ಸನ್ನು ಗಂಡನ ರಿಟರ್ನ್ ಫಾರ್ಮು ಐಟಿಆರ್-2ರಲ್ಲಿ ತೋರಿಸಲು ಜಾಗ ಉಂಟು. ಬಾಕಿ 47,680 ರೀಫಂಡಿಗೆ ಕೇಳಬಹುದು. ಆ 8,320 ಉಳಿಸಲು ಹೆಂಡತಿಯ ಹೆಸರಿನಲ್ಲಿ ರಿಟರ್ನ್ ಹಾಕಿ, ನಾಲ್ಕು ವರ್ಷ ಕಳೆದು ನೋಟೀಸು ಹಿಡಿದು ಅಳುತ್ತ ಬಂದವರನ್ನು ನೋಡಿದ್ದೇನೆ. ಕೂತು ಸಮಾಧಾನ ಹೇಳುವುದಕ್ಕೂ ಕಷ್ಟವಾಗುತ್ತದೆ.

ನಿಜ ಹೇಳಬೇಕೆಂದರೆ ಆ 8,320ನ್ನೂ ಕಟ್ಟಬೇಕಿರಲಿಲ್ಲ. ಗಂಡ ತನ್ನದೇ ಹೆಸರಿನ, ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಇ ಖಾತೆಯಲ್ಲಿ ಎಫ್‌ಡಿ ಇಟ್ಟಿದ್ದರೆ, ಅನಿವಾಸಿಯಾಗಿರುವಷ್ಟು ಕಾಲ ಆ ಬಡ್ಡಿಗೆ ಇಲ್ಲಿ ತೆರಿಗೆಯೇ ಇಲ್ಲ. ಹೆಂಡತಿಯನ್ನು ಜಂಟಿ ಖಾತೆದಾರಳಾಗಿ ಸೇರಿಸಲೂ ದಾರಿ ಇದೆ. ಆದರೆ ನಡುವೆ ಎಫ್‌ಡಿ ಮುರಿದರೆ ಬಡ್ಡಿ ಕಡಿತವಾದೀತು. ಮನೆ ಮನೆಯ ಲೆಕ್ಕ ಬೇರೆ, ಕಾಗದ ನೋಡದೆ ಯಾರಿಗೂ ಹೀಗೇ ಮಾಡಿ ಎನ್ನಲಾರೆ.

ಕೊನೆಗೆ ಗಂಡನ ರಿಟರ್ನ್ ತಯಾರಾಯಿತು. ಆಧಾರಿನ ಓಟಿಪಿ ಹೋಗುವ ಸಿಮ್ ಶಾರ್ಜಾದಲ್ಲಿ ಆಫಾಗಿತ್ತು. ಸಲ್ಲಿಸಿದ 30 ದಿನದೊಳಗೆ ರಿಟರ್ನ್ ವೆರಿಫೈ ಆಗಬೇಕು, ಅದಕ್ಕೇ ಆ ಓಟಿಪಿ. ಆಕೆ ನನ್ನೆದುರೇ ಫೋನ್ ಮಾಡಿದರು: "ನಮ್ಮೂರಿನ ಸಿಮ್ ಹುಡುಕಿ ಹಾಕಿ, ರೀಚಾರ್ಜ್ ನಾನು ಈಗಲೇ ಮಾಡಿಸ್ತೇನೆ."