ನಡದಾಡಿದ್ರ ಭ್ರೂಣ ಬೀಳಂಗಿಲ್ರಿ

ಐವಿಎಫ್ (ತತ್ತಿ, ವೀರ್ಯ ಲ್ಯಾಬಿನ್ಯಾಗ ಕೂಡಿಸಿ, ಆದ ಭ್ರೂಣ ಗರ್ಭಕ್ಕ ಹಾಕೋದು) ರಿಸಲ್ಟ್ ನೆಗೆಟಿವ್, ಅಂದ್ರ ಗರ್ಭ ನಿಂತಿಲ್ಲ ಅಂತ ಬಂದ ದಿನ ನಮ್ಮ ಲ್ಯಾಬ್ ಬಾಗಲ ತನಕ ಒಂದೇ ಮಾತು ಕೇಳ್ತದ, "ಇಕಿ ಮೆಟ್ಟಲ ಹತ್ತಿದ್ಲು ನೋಡ್ರಿ, ಅದಕ್ಕ ಜಾರಿ ಹೋಯ್ತು". ಸೇಡಂದಿಂದ ಬಸ್ಸಿನ್ಯಾಗ ಬಂದಿದ್ದಕ್ಕ, ರೊಟ್ಟಿ ಬಡದಿದ್ದಕ್ಕ, ಒಮ್ಮೆ ಜೋರ್ ಕೆಮ್ಮಿದ್ದಕ್ಕ, ಎಲ್ಲಾ ತಪ್ಪು ಆ ಹೆಣ್ಮಗಳ ತಲಿಮ್ಯಾಲೆ. ಕಲಬುರಗಿದಾಗ ದಿನಾ ಮೈಕ್ರೋಸ್ಕೋಪ್ ಮುಂದ ಕೂಡೋ ಎಂಬ್ರಿಯಾಲಜಿಸ್ಟ್ (ಲ್ಯಾಬಿನ್ಯಾಗ ಭ್ರೂಣ ಬೆಳಸಿ ನೋಡೋ ಕೆಲಸ) ನಾನು, ಇದು ಕೇಳಿದ್ರ ಭಾಳ ಸಿಟ್ಟು ಬರ್ತದ.

ಈ ಮಾತು ಎಷ್ಟು ಸುಳ್ಳಂತ ಐವಿಎಫ್ ಶುರುವಾದ ಕಥಿನೇ ಹೇಳ್ತದ. ಜೀನ್ ಪರ್ಡಿ ಅಂತ ಒಬ್ಬಾಕಿ ಇದ್ಲು. ಕಲ್ತಿದ್ದು ನರ್ಸಿಂಗ್, 1968ರಾಗ ಕೇಂಬ್ರಿಜ್‌ನ್ಯಾಗ ಐವಿಎಫ್ ಕಂಡುಹಿಡಿಯಾಕ ದುಡೀತಿದ್ದ ವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್ ಅವರ ಲ್ಯಾಬ್ ಸೇರಿದ್ಲು, ನಮ್ಮ ಕೆಲಸದೋರಿಗೆಲ್ಲಾ ಮೊದಲಿನಾಕಿ ಇಕಿನೇ. ಅವ್ವಗ ಆರಾಮಿಲ್ಲಂತ ಇಕಿ ಮನಿಗಿ ಹೋದ್ರ ಅವರ ಪ್ರಯೋಗ ನಡೀತಿದ್ದ ಇಂಗ್ಲೆಂಡಿನ ಓಲ್ಡಮ್ ಆಸ್ಪತ್ರಿದಾಗ ಇಡೀ ಕೆಲಸನೇ ನಿಂದರ್ತಿತ್ತು. 1977ರ ನವೆಂಬರ್‌ನ್ಯಾಗ ಲೆಸ್ಲಿ ಬ್ರೌನ್ ಅವರ ಭ್ರೂಣ ಡಿಶ್‌ನ್ಯಾಗ ಬೆಳೀತಾ ಸೆಲ್ ಸೆಲ್ ಆಗಿ ಒಡಿಯೋದು ಮೊದಲ ನೋಡಿದಾಕಿನೂ ಇಕಿನೇ, ಎಂಟು ಸೆಲ್ ಆದಮ್ಯಾಲೆ ಗರ್ಭಕ್ಕ ಹಾಕಿದ್ರು, 1978 ಜುಲೈ 25ಕ್ಕ ಜಗತ್ತಿನ ಮೊದಲ ಐವಿಎಫ್ ಕೂಸು ಲೂಯಿಸ್ ಹುಟ್ಟಿದ್ಲು. ಪರ್ಡಿ 39ಕ್ಕೇ ತೀರಿಹೋದ್ಲು, ಆಸ್ಪತ್ರಿ ಗೋಡಿಮ್ಯಾಲಿನ ಫಲಕದಾಗ ಹೆಸರು ಬರಾಕ 2015 ಆಗಬೇಕಾಯ್ತು, ಎಡ್ವರ್ಡ್ಸ್ ಅವರು ಮೊದಲೇ ಪತ್ರ ಬರದು ಕೇಳಿದ್ರೂ.

ಲೂಯಿಸ್ ಕಥಿ ಎಲ್ಲಾರಿಗೂ ಗೊತ್ತು, ಲೆಕ್ಕ ಗೊತ್ತಿಲ್ಲ. 1969ರಿಂದ 1978ರ ತನಕ 282 ಹೆಣ್ಮಕ್ಕಳು ಎಡ್ವರ್ಡ್ಸ್ ಅವರ ತಂಡದತ್ರ ಬಂದ್ರು, 112 ಸಲ ಭ್ರೂಣ ಹಾಕಿದ್ರು, ಬದುಕಿ ಹುಟ್ಟಿದ್ದು ಎರಡೇ ಕೂಸು. ಉಳದೋರೆಲ್ಲಾ ಮೆಟ್ಟಲ ಹತ್ತಿದ್ರಾ?

ಒಂದೇ ಡಿಶ್, ಒಂದೇ ಇನ್‌ಕ್ಯುಬೇಟರ್, ಮೂರನೇ ದಿನ ನೋಡಿದ್ರ ಒಂದು ಭ್ರೂಣ ಸಮ ಎಂಟು ಸೆಲ್ ಆಗಿರ್ತದ, ಬಾಜೂದ್ದು ನಾಕಕ್ಕೇ ನಿಂತು ಚೂರು ಚೂರು ಆಗಿರ್ತದ. ಅಲ್ಲಿ ಯಾರೂ ಬಸ್ ಹತ್ತಿಲ್ಲ, ಯಾರೂ ಕೆಮ್ಮಿಲ್ಲ. ಭಾಳ ಸಲ ಕ್ರೋಮೋಸೋಮ್ (ಸೆಲ್ ಒಳಗಿನ ವಂಶದ ದಾರ) ಲೆಕ್ಕನೇ ತಪ್ಪಿರ್ತದ, ಹೆಣ್ಮಗಳಿಗೆ 35 ದಾಟಿದ್ರ ಇದು ಜಾಸ್ತಿ, ಕೆಲವೊಮ್ಮೆ ವೀರ್ಯದ್ದೂ ಪಾಲು ಇರ್ತದ, ನೋಡಾಕ ಚಂದ ಇದ್ದ ಭ್ರೂಣನೂ ಹಾಕಿದಮ್ಯಾಲೆ ಒಳಗ ಹಂಗೇ ನಿಂತುಬಿಡಬಹುದು. ಗರ್ಭಕೋಶ ಖಾಲಿ ಕೊಡ ಅಲ್ಲ, ಮುಂದಿನ ಹಿಂದಿನ ಗೋಡಿ ಒಂದಕ್ಕೊಂದು ಹತ್ತಿಕೊಂಡೇ ಇರ್ತಾವ, ನಡು ಇರೋ, ಕಣ್ಣಿಗಿ ಕಾಣೋದೇ ಕಷ್ಟ ಅನ್ನುವಷ್ಟು ಸಣ್ಣ ಭ್ರೂಣ, ಆಟೋ ಜಂಪ್ ಆದ್ರ ಎಲ್ಲಿ ಬೀಳ್ತದ್ರಿ? ಹಾಸಿಗಿ ಹಿಡದು ಮಲಗಿದ್ರ ಗರ್ಭ ನಿಲ್ಲೋದು ಹೆಚ್ಚಾಗಲ್ಲ ಅಂತ ಸ್ಟಡಿಗಳೂ ಹೇಳ್ಯಾವ.

ಹಂಗಂತ ಎಲ್ಲಾರಿಗೂ ಇದೇ ಅಂತಲ್ಲ, ನಿಮ್ಮ ಡಾಕ್ಟರ್ ರೆಸ್ಟ್ ಹೇಳಿದ್ರ ಕಾರಣ ಇರಬಹುದು, ಕೇಳ್ರಿ. ಹೊಟ್ಟಿ ಉಬ್ಬಿ ನೋವು ಬಂದ್ರ, ಉಸಿರು ಕಟ್ಟಿದ್ರ, ರಾತ್ರಿ ಇದ್ರೂ ದವಾಖಾನಿಗಿ ಬರ್ರಿ.

ನೆಗೆಟಿವ್ ಬಂದ್ರ ಸೊಸಿ ಎಷ್ಟು ಮೆಟ್ಟಲ ಹತ್ತಿದ್ಲು ಅಂತ ಎಣಸೋದು ಬಿಟ್ಟು, ಭ್ರೂಣ ಎಷ್ಟನೇ ದಿನದ್ದು, ಗ್ರೇಡ್ (ಗುಣಮಟ್ಟ) ಏನಿತ್ತು ಅಂತ ನಮ್ಮನ್ನ ಕೇಳ್ರಿ, ಗಂಡನ ರಿಪೋರ್ಟ್ ಹಳೇದಿದ್ರ ಹೊಸದು ಮಾಡಸ್ರಿ.